ಶಿಶುಸಂಗವೂ ಮನಶ್ಶಾಂತಿಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಶುಭಸಂದರ್ಭದಲ್ಲಿ ನನ್ನಂಥ ಅಲ್ಪಜ್ಞನಿಗೂ ಎರಡು ಮಾತುಗಳನ್ನಾಡುವ ಅವಕಾಶವನ್ನು ಶ್ರೀ ಸನ್ನಿಧಿಯವರು ಕೃಪೆಯಿಂದ ದಯಪಾಲಿಸಿದ್ದಾರೆ. ನನಗಿಂತ ಮುಂಚೆ ಮಾತನಾಡಿದ ವಿದ್ವಾಂಸರು ಷಟ್‌ಸ್ಥಲದ ಗಹನವಾದ ವಿಚಾರಗಳನ್ನೂ ಶೂನ್ಯಸಂಪಾದನೆಯ ಸ್ವಾರಸ್ಯಗಳನ್ನೂ ತಮ್ಮ ಮುಂದೆ ಸವಿಸ್ತಾರವಾಗಿ ನಿರೂಪಿಸಿದ್ದಾರೆ. ನಾನು ಆರಿಸಿಕೊಂಡಿರುವ ವಿಷಯವಾದರೋ ಬಹು ಸಣ್ಣದು. ಮೊಳಕಾಲೆತ್ತರಕ್ಕಿಂತ ಮೇಲೆ ಹೋಗದಷ್ಟು ಸಣ್ಣದು. ಎಳೆಯ ಮಕ್ಕಳಿರುವ ಮನೆಯಲ್ಲಿ ದಿನನಿತ್ಯದ ಬಾಳಿನೊಳಗೇ ಸಂತೋಷವನ್ನೂ ಶಾಂತಿಯನ್ನೂ ಕಾಣುವ ಬಗೆ ಯಾವುದು ಎಂಬುದೇ ಆ ವಿಷಯ. ಮಠದ ಪಂಡಿತನು ಸಭೆಯಲ್ಲಿ ಪ್ರಸ್ತಾಪಿಸತಕ್ಕ ವಿಷಯವೆ ಇದು ಎಂದು ಕೆಲವರು ಮುಗುಳ್ನಗಬಹುದು. ಆದರೆ ಇದನ್ನು ನಾನು ಆರಿಸಿಕೊಂಡದ್ದಕ್ಕೆ ಒಂದು ಸಾಲವು ಕಾರಣವಾಗಿದೆ. ಆ ಸಾಲವನ್ನು ಈ ದಿನ ತೀರಿಸಬೇಕೆಂದು ಬಂದಿದ್ದೇನೆ.

ಕೆಲವು ವರ್ಷಗಳ ಹಿಂದೆ, ಹೊಳಲ್ಕೆರೆಯ ಕಡೆಯ ಒಂದು ಹಳ್ಳಿಯಿಂದ ತರುಣಿಯಾದ ಭಕ್ತೆಯೊಬ್ಬರು ಶ್ರೀಮಠಕ್ಕೆ ಬಂದಿದ್ದರು. ಅಡಿಕೆ ತೋಟದ ಮನೆತನ. ಒಂದು ಮಗು ಕಂಕುಳಲ್ಲಿ, ಇನ್ನೊಂದು ಸೆರಗಿನ ತುದಿಯಲ್ಲಿ. ದರ್ಶನವಾದ ಮೇಲೆ ಪಾಠಶಾಲೆಯ ಜಗಲಿಯಲ್ಲಿ ಕುಳಿತಿದ್ದ ನನ್ನ ಬಳಿಗೆ ಬಂದು, “ಅಯ್ಯನವರೆ, ಒಂದು ಮಾತು ಕೇಳಬೇಕಾಗಿತ್ತು” ಎಂದರು. “ಕೇಳು ತಾಯಿ” ಎಂದೆನು. ಅವರು ತಗ್ಗಿದ ದನಿಯಲ್ಲಿ ಹೀಗೆ ಹೇಳಿದರು: “ಬೆಳಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತರೆ ಚಿಕ್ಕದು ಅಳುತ್ತದೆ, ದೊಡ್ಡದು ವಿಭೂತಿಗಟ್ಟಿಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ನನಗೆ ಸಿಟ್ಟು ಬಂದು ಹೊಡೆಯುತ್ತೇನೆ. ಆಮೇಲೆ ಪೂಜೆಯೂ ಹೋಯಿತು, ಮಗುವಿನ ನಗುವೂ ಹೋಯಿತು. ಎರಡನ್ನೂ ಕಳೆದುಕೊಂಡು ಅಳುತ್ತ ಕೂರುತ್ತೇನೆ. ನನ್ನಂಥವಳಿಗೆ ಶಾಂತಿ ಎಂಬುದು ಉಂಟೆ, ಅಯ್ಯನವರೆ?”

ನಾನು ಗ್ರಂಥಗಳನ್ನು ಓದಿದವನು. ಉತ್ತರವು ನಾಲಗೆಯ ತುದಿಯಲ್ಲಿಯೇ ಸಿದ್ಧವಾಗಿತ್ತು. “ತಾಯಿ, ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು, ಮಕ್ಕಳು ಏಳುವುದಕ್ಕೆ ಮುಂಚೆಯೇ ಪೂಜೆಯನ್ನು ಮುಗಿಸಿಬಿಡು” ಎಂದೆನು. ಆಕೆ ನನ್ನ ಮುಖವನ್ನು ಒಂದು ಕ್ಷಣ ನೋಡಿ, ದಣಿದ ನಗೆಯೊಂದನ್ನು ನಕ್ಕು, “ಅದು ಏಳುವುದೇ ಆ ಹೊತ್ತಿಗೆ, ಅಯ್ಯನವರೆ” ಎಂದು ಹೇಳಿ, ನಮಸ್ಕರಿಸಿ ಹೊರಟುಹೋದರು.

ಮಹನೀಯರೆ, ಆ ನಗೆ ನನ್ನನ್ನು ಬಹುಕಾಲ ಬಿಡಲಿಲ್ಲ. ಆಕೆ ಕೇಳಿದುದು ಒಂದು, ನಾನು ಹೇಳಿದುದು ಮತ್ತೊಂದು. ಮಕ್ಕಳೊಡನೆ ಶಾಂತಿಯುಂಟೆ ಎಂದು ಆಕೆ ಕೇಳಿದರು. ಮಕ್ಕಳಿಲ್ಲದ ಹೊತ್ತಿನಲ್ಲಿ ಶಾಂತಿಯನ್ನು ಹುಡುಕಿಕೋ ಎಂದು ನಾನು ಹೇಳಿದೆನು. ವಿಚಾರಿಸಿ ನೋಡಿದರೆ, ಹೆಚ್ಚಿನ ಸಂಸಾರಿಗಳೆಲ್ಲರೂ ಇದೇ ಭ್ರಾಂತಿಯಲ್ಲಿರುವಂತೆ ಕಾಣುತ್ತದೆ. ಮಗು ಮಲಗಿದ ಮೇಲೆ ನೆಮ್ಮದಿ, ಶಾಲೆಗೆ ಹೋದ ಮೇಲೆ ನೆಮ್ಮದಿ, ದೊಡ್ಡದಾದ ಮೇಲೆ ನೆಮ್ಮದಿ, ಹೀಗೆ ನೆಮ್ಮದಿಯನ್ನು ಮುಂದುಮುಂದಕ್ಕೆ ತಳ್ಳುತ್ತ ಹೋಗುತ್ತೇವೆ. ಕೊನೆಗೆ ಮಕ್ಕಳೆಲ್ಲ ಬೆಂಗಳೂರಿಗೋ ದಾವಣಗೆರೆಗೋ ಉದ್ಯೋಗವನ್ನರಸಿ ಹೊರಟುಹೋದ ಮೇಲೆ, ನಿಶ್ಶಬ್ದವಾದ ಮನೆಯಲ್ಲಿ ಗಂಡಹೆಂಡಿರು ಎದುರುಬದುರಾಗಿ ಕುಳಿತು, ಆ ಗದ್ದಲದ ದಿನಗಳೇ ಚೆನ್ನಾಗಿದ್ದುವಲ್ಲ ಎಂದು ನಿಟ್ಟುಸಿರು ಬಿಡುತ್ತೇವೆ.

ಇದನ್ನು ಪರರ ಮೇಲೆ ಹೊರಿಸಿ ಹೇಳುತ್ತಿಲ್ಲ. ನನ್ನ ಸ್ವಂತ ಅಪರಾಧವನ್ನೇ ಈ ಸಭೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ನಾನು ಒಂದು ತಾಳೆಗರಿಯ ಕಟ್ಟನ್ನು ಕಾಗದಕ್ಕೆ ಪ್ರತಿಮಾಡುವ ಕಾರ್ಯದಲ್ಲಿ ತೊಡಗಿದ್ದೆನು. ನನ್ನ ಮಗನಿಗೆ ಆಗ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಒಂದು ಮಧ್ಯಾಹ್ನ ನಾನು ಊಟಕ್ಕೆ ಎದ್ದಾಗ ಅವನು ಒಳಹೊಕ್ಕು, ತಂದೆಯಂತೆ ತಾನೂ ಬರೆಯಬೇಕೆಂಬ ಹವಣಿಕೆಯಿಂದ ಮಸಿಯ ಕುಡಿಕೆಯನ್ನು ಉರುಳಿಸಿಬಿಟ್ಟನು. ನಲವತ್ತು ಹಾಳೆಗಳು ಕೆಟ್ಟುವು. ನಾನು ಬಂದು ನೋಡಿದವನೇ ಅವನನ್ನು ಹೊಡೆದೆನು. ಎಷ್ಟು ಹೊಡೆದೆನೆಂಬುದನ್ನು ಹೇಳಲಾರೆ. ಅಂದಿನಿಂದ ಆ ಕೋಣೆಯು ಬಹಳ ಪ್ರಶಾಂತವಾಯಿತು. ಮಗು ಹೊಸ್ತಿಲವರೆಗೆ ಬರುವುದು, ಅಲ್ಲಿಯೇ ನಿಲ್ಲುವುದು. “ಬಾರೋ” ಎಂದು ನಾನಾಗಿ ಕರೆದರೂ ಮೊದಲು ತಾಯಿಯ ಮುಖವನ್ನು ನೋಡುವುದು. ನನಗೆ ಬೇಕಾಗಿದ್ದ ನಿಶ್ಶಬ್ದವು ದೊರೆತಿತ್ತು; ಆದರೆ ಆ ನಿಶ್ಶಬ್ದದಲ್ಲಿ ಶಾಂತಿಯ ಲವಲೇಶವೂ ಇರಲಿಲ್ಲ. ಆ ಪ್ರತಿಯು ಕಾಲಕ್ರಮದಲ್ಲಿ ಮುಗಿಯಿತು. ಅದರಲ್ಲಿ ನಾನು ಬರೆದ ಟಿಪ್ಪಣಿಗಳು ಈಗ ನನಗೆ ನೆನಪಿಲ್ಲ. ಹೊಸ್ತಿಲಲ್ಲಿ ನಿಂತ ಆ ಎರಡು ಪುಟ್ಟ ಪಾದಗಳು ಮಾತ್ರ ನೆನಪಿವೆ.

ಈ ಪ್ರಸಂಗದ ತರುವಾಯ, ಮೊದಲು ಎಷ್ಟೋ ಬಾರಿ ಓದಿದ್ದ ಕಥೆಯೊಂದು ನನಗೆ ಹೊಸದಾಗಿ ಅರ್ಥವಾಯಿತು. ಹಂಪೆಯ ಹರಿಹರ ಮಹಾಕವಿಯು ರಗಳೆಯಲ್ಲಿ ಹಾಡಿರುವ ಕೋಳೂರು ಕೊಡಗೂಸಿನ ಕಥೆಯನ್ನು ತಾವೆಲ್ಲರೂ ಪುರಾಣಗಳಲ್ಲಿ ಕೇಳಿದ್ದೀರಿ. ತಂದೆಯು ಪರಸ್ಥಳಕ್ಕೆ ಹೋಗುವಾಗ, ನಿತ್ಯವೂ ಶಿವನಿಗೆ ಹಾಲನ್ನು ಅರ್ಪಿಸುವ ಕೆಲಸವನ್ನು ತನ್ನ ಎಳೆಯ ಮಗಳಿಗೆ ಒಪ್ಪಿಸಿ ಹೋಗುತ್ತಾನೆ. ಅರ್ಪಿಸುವುದೆಂದರೆ ಶಿವನು ಕುಡಿಯುವುದು ಎಂದೇ ಆ ಮುಗ್ಧೆಯು ತಿಳಿದಿದ್ದಾಳೆ. ಬಟ್ಟಲನ್ನು ಮುಂದಿಡುತ್ತಾಳೆ, ಶಿವನು ಕುಡಿಯುವುದಿಲ್ಲ. ಬೇಡಿಕೊಳ್ಳುತ್ತಾಳೆ, ಅಳುತ್ತಾಳೆ, ತಂದೆಯು ಗದರುವನೆಂದು ಹೆದರುತ್ತಾಳೆ, ಕೊನೆಗೆ ಪ್ರಾಣವನ್ನೇ ಬಿಡಲು ಸಿದ್ಧಳಾಗುತ್ತಾಳೆ. ಆಗ ಶಿವನು ಹಾಲನ್ನು ಕುಡಿಯುತ್ತಾನೆ. ಮುಂದೆ ದಿನವೂ ಇದೇ ಕ್ರಮ. ತಂದೆಯು ಹಿಂದಿರುಗಿ ಬಂದು, ಹಾಲೆಲ್ಲಿ ಎಂದು ಕೇಳಿ, ಮಗಳ ಮಾತನ್ನು ನಂಬದೆ, ಸುಳ್ಳಾಡುವಳೆಂದು ಕೋಪಗೊಂಡು ಹೊಡೆಯಲು ಹೋದಾಗ, ಅವಳು ಶಿವನ ಮೊರೆಹೊಕ್ಕು ಲಿಂಗದಲ್ಲಿ ಒಂದಾಗಿಬಿಡುತ್ತಾಳೆ. ತಂದೆಯು ಹಿಡಿಯಹೋದರೆ ಅವನ ಕೈಗೆ ಸಿಕ್ಕಿದುದು ಅವಳ ಕೂದಲು ಮಾತ್ರ.

ಈ ಕಥೆಯನ್ನು ಮುಗ್ಧಭಕ್ತಿಗೆ ದೃಷ್ಟಾಂತವಾಗಿ ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೆನು. ಅದರೊಳಗಿನ ತಂದೆಯನ್ನು ಮಾತ್ರ ನಾನು ಕಂಡಿರಲಿಲ್ಲ. ಅವನು ನಾಸ್ತಿಕನಲ್ಲ, ದುಷ್ಟನೂ ಅಲ್ಲ, ನಿತ್ಯನೇಮವುಳ್ಳ ಶಿವಭಕ್ತನು. ವರ್ಷಗಟ್ಟಲೆ ಹಾಲನ್ನು ಅರ್ಪಿಸಿದವನು. ಆದರೆ ಶಿವನು ತನ್ನ ಮನೆಯಲ್ಲಿಯೇ ಬಟ್ಟಲಿಗೆ ಬಾಯಿಟ್ಟು ಕುಡಿಯುತ್ತಿದ್ದಾಗ ಅವನಿಗೆ ಅದು ತಿಳಿಯಲಿಲ್ಲ. ತಿಳಿದುದು ತನ್ನ ಮಗುವಿಗೆ. ನೇಮವು ದೊಡ್ಡದಾಗಿ, ಮಗುವು ಚಿಕ್ಕದಾಗಿ ಕಂಡ ಕ್ಷಣದಲ್ಲಿ ಅವನು ಎರಡನ್ನೂ ಕಳೆದುಕೊಂಡನು. ಆ ಹೊಳಲ್ಕೆರೆಯ ತಾಯಿಯು ಹೇಳಿದ ಮಾತೂ ಇದೇ ಅಲ್ಲವೆ? ಓದು ಬರಹ ಬಲ್ಲ ನನಗೆ ಇಪ್ಪತ್ತು ವರ್ಷ ಹಿಡಿದ ವಿಚಾರವನ್ನು ಆಕೆ ಒಂದೇ ವಾಕ್ಯದಲ್ಲಿ ಹೇಳಿದ್ದರು.

ತಂದೆಯ ಕಥೆಯು ಹೀಗಾಯಿತು. ಇನ್ನು ತಾಯಿಯ ಕಥೆಯೊಂದುಂಟು. ಭೀಮಕವಿಯು ೧೩೬೯ರಲ್ಲಿ ಪೂರೈಸಿದ ಬಸವಪುರಾಣದಲ್ಲಿ ಬೆಜ್ಜಮಹಾದೇವಿ ಎಂಬ ಶರಣೆಯ ಚರಿತೆಯು ಬರುತ್ತದೆ. ಈಕೆಗೆ ಒಂದು ವಿಚಿತ್ರವಾದ ಮರುಕವು ಹುಟ್ಟಿತು. ಲೋಕದಲ್ಲಿ ಎಲ್ಲರಿಗೂ ತಾಯಿಯುಂಟು, ಶಿವನೊಬ್ಬನಿಗೆ ತಾಯಿಯಿಲ್ಲ. ಇದ್ದಿದ್ದರೆ ಅವನ ಕೂದಲು ಹೀಗೆ ಜಡೆಗಟ್ಟುತ್ತಿತ್ತೆ, ಅವನು ವಿಷವನ್ನು ಕುಡಿಯಲು ಅವಳು ಬಿಡುತ್ತಿದ್ದಳೆ ಎಂದು ಚಿಂತಿಸಿ, ತಾನೇ ಅವನಿಗೆ ತಾಯಿಯಾಗಲು ನಿಶ್ಚಯಿಸಿದಳು. ಲಿಂಗವನ್ನು ಕೂಸೆಂದು ಭಾವಿಸಿ ಎಣ್ಣೆಯೊತ್ತಿದಳು, ನೀರೆರೆದಳು, ಹಾಲೂಡಿಸಿದಳು, ತೂಗಿ ಮಲಗಿಸಿದಳು. ಒಂದು ದಿನ ಶಿವನು ಅವಳ ಮನಸ್ಸನ್ನು ನೋಡಬೇಕೆಂದು ರೋಗ ಬಂದವನಂತೆ ನಟಿಸಿ ಹಾಲನ್ನು ಮುಟ್ಟಲಿಲ್ಲ. ಕಾಯಿಲೆ ಬಿದ್ದ ಕೂಸಿನ ಬಳಿಯಲ್ಲಿ ತಾಯಿಯು ಹೇಗೆ ತಳಮಳಿಸುವಳೋ ಹಾಗೆಯೇ ಅವಳು ತಳಮಳಿಸಿದಳು. ಆಗ ಶಿವನು ಪ್ರತ್ಯಕ್ಷನಾದನು. ಅಮ್ಮವ್ವೆ ಎಂದು ಅವಳಿಗೆ ಹೆಸರಾಯಿತು.

ತಾಯಂದಿರೆ, ಈ ಕಥೆಯ ಸ್ವಾರಸ್ಯವನ್ನು ಗಮನಿಸಿರಿ. ಬೆಜ್ಜಮಹಾದೇವಿಯು ಲಿಂಗಕ್ಕೆ ಮಾಡಿದ ಉಪಚಾರಗಳಲ್ಲಿ ಯಾವುದೊಂದೂ ಆಗಮಗಳಿಂದ ಕಲಿತದ್ದಲ್ಲ. ಪ್ರತಿಯೊಂದು ಮನೆಯ ಬಚ್ಚಲಲ್ಲಿ, ಒಲೆಯ ಮುಂದೆ, ತೊಟ್ಟಿಲ ಬಳಿಯಲ್ಲಿ ದಿನವೂ ನಡೆಯುವ ಕೆಲಸಗಳೇ ಅವು. ಶಿವನನ್ನು ಒಲಿಸಿಕೊಳ್ಳಲು ಅವಳು ತಾಯ್ತನವನ್ನು ಎರವಲು ತಂದಳು. ತಮಗಾದರೋ ಆ ತಾಯ್ತನವು ಎರವಲಲ್ಲದೆ ಸ್ವಂತವಾಗಿಯೇ ದೊರೆತಿದೆ. ಹೀಗಿರಲು ಮಗುವಿನ ಆರೈಕೆಯಿಂದ ಪೂಜೆಗೆ ಭಂಗವಾಯಿತೆಂದು ಮರುಗುವುದೇಕೆ? ಹುಟ್ಟಿದ ಕೂಸಿಗೆ ಲಿಂಗಧಾರಣೆ ಮಾಡಿಸುವುದು ನಮ್ಮ ಸಂಪ್ರದಾಯ. ಲಿಂಗವನ್ನು ಕಟ್ಟಿದ ಕೂಸು ಪೂಜೆಗೆ ಹೊರಗಿನದೆಂದು ಯಾವ ಬಾಯಿಂದ ಹೇಳೋಣ? ನಮ್ಮಲ್ಲಿ ಸ್ಥಾವರಕ್ಕಿಂತ ಜಂಗಮಕ್ಕೆ ಹಿರಿಮೆ. ಕುಳಿತಲ್ಲಿ ಕೂರದೆ ನಿಂತಲ್ಲಿ ನಿಲ್ಲದೆ ಚಲಿಸುತ್ತಲೇ ಇರುವ ಜಂಗಮವು ಮನೆಯೊಳಗೆ ಮತ್ತಾವುದಿದೆ? ಇದನ್ನು ವಿನೋದಕ್ಕಾಗಿ ಹೇಳಿದೆನಾದರೂ ಪೂರ್ತಿಯಾಗಿ ವಿನೋದವೆಂದು ಭಾವಿಸಬೇಡಿರಿ.

ಈ ಭಾವವನ್ನು ದಿನದ ಕೆಲಸಗಳಲ್ಲಿ ತರುವುದು ಹೇಗೆಂಬುದನ್ನು ಈಗ ನೋಡೋಣ. ಮಗುವಿನ ದಿನಚರಿಯಲ್ಲಿ ಮೂರು ಮುಖ್ಯವಾದ ಹೊತ್ತುಗಳುಂಟು: ಸ್ನಾನ, ಊಟ, ನಿದ್ದೆ.

ಮೊದಲನೆಯದು ಸ್ನಾನ. ಹೊಸದುರ್ಗದ ಕಡೆಯ ತೆಂಗಿನ ತೋಟದ ಮನೆಗಳಲ್ಲಿ ಅಜ್ಜಿಯರು ಕೂಸಿಗೆ ನೀರೆರೆಯುವುದನ್ನು ನಾನು ನಿಂತು ನೋಡಿದ್ದೇನೆ. ಬಚ್ಚಲಲ್ಲಿ ಕಾಲುಗಳನ್ನು ನೀಡಿ ಕುಳಿತು, ಕೂಸನ್ನು ಮೊಳಕಾಲ ಕೆಳಗೆ ಎರಡು ಕಾಲುಗಳ ನಡುವೆ ಮಲಗಿಸಿಕೊಂಡು, ಕೈಯಿಂದ ನೀರಿನ ಬಿಸಿಯನ್ನು ಪರೀಕ್ಷಿಸಿ, ಕಣ್ಣಿಗೆ ನೀರು ಇಳಿಯದಂತೆ ಹಣೆಗೆ ಅಂಗೈಯನ್ನು ಅಡ್ಡವಿಟ್ಟು ಎರೆಯುತ್ತಾರೆ. ಆ ಹೊತ್ತಿನಲ್ಲಿ ಅವರ ಮನಸ್ಸು ಎತ್ತಲೂ ಹರಿಯುವುದಿಲ್ಲ. ಹರಿದರೆ ಕೂಸು ಜಾರುತ್ತದೆ. ಯೋಗಶಾಸ್ತ್ರವು ಏಕಾಗ್ರತೆ ಎಂದು ಕರೆಯುವುದು ಇದನ್ನೇ. ಸೊಸೆಯು ಅದೇ ಕೆಲಸವನ್ನು ಮಾಡುವಾಗ ಒಲೆಯ ಮೇಲಿನ ಅನ್ನವನ್ನೂ ಹೊರಡಲಿರುವ ಬಸ್ಸನ್ನೂ ನೆನೆಯುತ್ತಾಳೆ. ನೀರು ಒಂದೇ, ಕೂಸು ಒಂದೇ, ಆದರೆ ಇವಳು ದಣಿಯುತ್ತಾಳೆ. ದಣಿವು ಬಹುಮಟ್ಟಿಗೆ ಕೆಲಸದಿಂದ ಬರುವುದಿಲ್ಲ. ಒಂದು ಕೆಲಸದಲ್ಲಿದ್ದುಕೊಂಡು ಮೂರು ಕೆಲಸಗಳನ್ನು ಮನಸ್ಸಿನಲ್ಲಿ ಹೊರುವುದರಿಂದ ಬರುತ್ತದೆ. ದಿನವೆಲ್ಲ ಹೀಗೆ ಒಂದೇ ಕಡೆ ಮನಸ್ಸಿಡಲು ಯಾರಿಂದಲೂ ಆಗದು. ಸ್ನಾನದ ಆ ಕಾಲು ಗಂಟೆಯಾದರೂ ಸ್ನಾನದಲ್ಲಿಯೇ ಇರಲಿ.

ಎರಡನೆಯದು ಊಟ. ನಮ್ಮ ಸೀಮೆಯಲ್ಲಿ ಕೂಸಿಗೆ ರಾಗಿಯ ಸರಿಯನ್ನು ಉಣಿಸುವ ವಾಡಿಕೆಯಿದೆಯಷ್ಟೆ. ರಾಗಿಯನ್ನು ತೊಳೆದು, ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳುವಾದ ಬಟ್ಟೆಯಲ್ಲಿ ಸೋಸುವಷ್ಟರಲ್ಲಿ ಎರಡು ಮೂರು ದಿನಗಳೇ ಕಳೆಯುತ್ತವೆ. ಇಷ್ಟು ಶ್ರಮದಿಂದ ಮಾಡಿದುದನ್ನು ಕೂಸು ಎರಡು ಚಮಚ ತಿಂದು ಮೂರನೆಯದನ್ನು ಉಗುಳಿಬಿಡುತ್ತದೆ. ತಾಯಿಯ ಸಿಟ್ಟು ಅಲ್ಲಿ ಹುಟ್ಟುತ್ತದೆ. ಆದರೆ ದಾಸೋಹದ ಧರ್ಮವನ್ನು ನೆನೆಯಿರಿ. ಶ್ರೀಮಠದ ಪಂಕ್ತಿಯಲ್ಲಿ ಬಡಿಸುವವನು ಉಂಡವರ ಎಲೆಯಲ್ಲಿ ಎಷ್ಟು ಮಿಕ್ಕಿತೆಂದು ಲೆಕ್ಕ ಹಾಕುತ್ತ ನಿಲ್ಲುವುದಿಲ್ಲ. ಪ್ರೀತಿಯಿಂದ ಬಡಿಸುವುದು ಅವನ ಪಾಲಿನದು, ಹಸಿವು ಉಣ್ಣುವವನದು. ಕೂಸಿನ ಹೊಟ್ಟೆಯ ಲೆಕ್ಕವು ಕೂಸಿಗೇ ತಿಳಿದಿರುತ್ತದೆ. ಅದು ಆಡಿಕೊಂಡಿದ್ದು ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿದ್ದರೆ, ಮಿಕ್ಕ ಒಂದು ಚಮಚಕ್ಕಾಗಿ ಯುದ್ಧವನ್ನು ಹೂಡಬೇಕಾದುದಿಲ್ಲ.

ಮೂರನೆಯದು ನಿದ್ದೆ. ಅಡಿಕೆ ಸುಲಿಯುವ ಕಾಲದಲ್ಲಿ ಹೊಳಲ್ಕೆರೆಯ ಹಳ್ಳಿಗಳಿಗೆ ಹೋದವರು ಈ ನೋಟವನ್ನು ಕಂಡಿರಬಹುದು. ಚಪ್ಪರದ ಗಳಕ್ಕೆ ಹಳೆಯ ಸೀರೆಯ ಜೋಲಿಯನ್ನು ಕಟ್ಟಿರುತ್ತಾರೆ. ತಾಯಿಯು ಎರಡು ಕೈಗಳಿಂದ ಅಡಿಕೆಯನ್ನು ಸುಲಿಯುತ್ತ, ಕಾಲ್ಬೆರಳಿಗೆ ಕಟ್ಟಿದ ದಾರದಿಂದ ಜೋಲಿಯನ್ನು ತೂಗುತ್ತ, ಬಾಯಲ್ಲಿ ಜೋಗುಳವನ್ನು ಹಾಡುತ್ತಿರುತ್ತಾಳೆ. ನಮ್ಮ ಹೆಣ್ಣುಮಕ್ಕಳ ಜೋಗುಳಗಳನ್ನು ಕಟ್ಟಿದವರು ಯಾರೆಂದು ತಿಳಿಯದು. ಬರೆದಿಡದೆಯೇ ಬಾಯಿಂದ ಬಾಯಿಗೆ ಬಂದಿವೆ. ಹಾಡು ಕೂಸಿಗಾಗಿ ಎಂದು ತಿಳಿಯುತ್ತೇವೆ. ಕೂಸಿಗೆ ಅದರ ಅರ್ಥವು ತಿಳಿಯದು, ರಾಗವಷ್ಟೆ ಸಾಕು. ಅರ್ಥವು ತಾಯಿಗಾಗಿ ಇರುವುದು. ಹಾಡುತ್ತ ಹಾಡುತ್ತ ಅವಳ ಉಸಿರು ನಿಧಾನವಾಗುತ್ತದೆ, ಅವಳ ನಿಧಾನವನ್ನು ಕೂಸು ಹಿಡಿಯುತ್ತದೆ. ಮೊದಲು ಶಾಂತಳಾಗುವವಳು ತಾಯಿ, ತರುವಾಯ ಕೂಸು. ಬೇಗ ಮಲಗಲೆಂದು ಹಲ್ಲುಕಚ್ಚಿ ತೂಗಿದ ರಾತ್ರಿಗಳಲ್ಲಿ ಅದು ಮಲಗದೆ ಇರುವುದು ತಮ್ಮೆಲ್ಲರ ಅನುಭವಕ್ಕೂ ಬಂದಿರಬೇಕು.

ಸಂತೋಷದ ವಿಷಯವಾಗಿಯೂ ಒಂದು ಮಾತು ಹೇಳಬೇಕು. ಮಕ್ಕಳಿಗೆ ಸಂತೋಷವನ್ನು ಕೊಡಬೇಕೆಂದು ನಾವು ಹಣವನ್ನು ವೆಚ್ಚಮಾಡಿ ಏನೇನೋ ಹವಣಿಸುತ್ತೇವೆ. ಕಳೆದ ವರ್ಷ ನನ್ನ ಮೊಮ್ಮಗನು ಊರಿಗೆ ಬಂದಿದ್ದಾಗ ಅವನಿಗೆ ಚಿತ್ರದುರ್ಗದ ಕೋಟೆಯನ್ನು ತೋರಿಸಲು ಕರೆದುಕೊಂಡು ಹೋದೆನು. ಏಳು ಸುತ್ತುಗಳನ್ನೂ ದಾಟಿಸಿ, ಏಕನಾಥೇಶ್ವರಿಯ ಗುಡಿಯನ್ನೂ ಹಿಡಿಂಬೇಶ್ವರನ ಗುಡಿಯನ್ನೂ ಒನಕೆ ಓಬವ್ವನ ಕಿಂಡಿಯನ್ನೂ ತೋರಿಸಿ, ಮದಕರಿನಾಯಕನ ಕಥೆಯನ್ನೂ ೧೭೭೯ರಲ್ಲಿ ದುರ್ಗವು ಹೈದರಾಲಿಯ ವಶವಾದ ಸಂಗತಿಯನ್ನೂ ಹೇಳಬೇಕೆಂದು ನನ್ನ ಸಂಕಲ್ಪ. ಮೂರು ವರ್ಷದ ಆ ಬಾಲಕನು ಹೆಬ್ಬಾಗಿಲಿನ ಗೋಡೆಯ ಮೇಲೆ ಕೆತ್ತಿರುವ ಹಾವನ್ನು ಕಂಡವನೇ ಅಲ್ಲಿಯೇ ನಿಂತುಬಿಟ್ಟನು. ಅದನ್ನು ಸವರಿದನು, “ಅಜ್ಜ, ಇದು ನಿದ್ದೆ ಮಾಡುತ್ತಿದೆಯೆ?” ಎಂದನು. ಅನಂತರ ಕಲ್ಲಿನ ಸಂದಿಯಿಂದ ಹೊರಟ ಇರುವೆಗಳ ಸಾಲೊಂದನ್ನು ಕಂಡನು. ಆ ಸಾಲು ಎಲ್ಲಿಗೆ ಹೋಗುತ್ತದೆಂಬುದನ್ನು ತಿಳಿಯದೆ ಮುಂದೆ ಹೆಜ್ಜೆಯಿಡಲು ಒಪ್ಪಲಿಲ್ಲ. ಮೊದಲ ಅರ್ಧ ಗಂಟೆ ನಾನು ಚಡಪಡಿಸಿದೆನು. ಆಮೇಲೆ, ಬೇರೆ ದಾರಿಯಿಲ್ಲದೆ, ಅವನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ನಾನೂ ಇರುವೆಗಳನ್ನು ನೋಡಿದೆನು. ಒಂದಿರುವೆಯು ತನಗಿಂತ ದೊಡ್ಡದಾದ ಒಂದು ರೆಕ್ಕೆಯನ್ನು ಎತ್ತಿಕೊಂಡು ಹೋಗುತ್ತಿತ್ತು; ಗಾಳಿಗೆ ಹೊರಳಿ ಬೀಳುತ್ತಿತ್ತು; ಮತ್ತೆ ಎತ್ತುತ್ತಿತ್ತು. ನಾನು ಈ ಕೋಟೆಯನ್ನು ನೂರಾರು ಸಲ ಹತ್ತಿದವನು. ಆ ದಿನ ಒಂದು ಸುತ್ತನ್ನೂ ದಾಟಲಿಲ್ಲ. ಆದರೂ ಅಷ್ಟು ಪ್ರಸನ್ನವಾದ ಮನಸ್ಸಿನಿಂದ ಎಂದೂ ಕೋಟೆಯಿಂದ ಮನೆಗೆ ಹಿಂದಿರುಗಿದವನಲ್ಲ.

ಮಗುವಿಗೆ ನಾಳೆಯಿಲ್ಲ, ನಿನ್ನೆಯಿಲ್ಲ, ಎದುರಿಗಿರುವ ಇರುವೆಯುಂಟು. ಸಾಧಕರು ಎಷ್ಟೋ ತಪಸ್ಸಿನಿಂದ ಪಡೆಯಲೆಳಸುವ ಈ ಸ್ಥಿತಿಯು ಅದಕ್ಕೆ ಸಹಜವಾಗಿದೆ. ದಿನಕ್ಕೊಮ್ಮೆ, ಅರ್ಧ ಗಂಟೆಯ ಕಾಲ, ಮಗುವಿನ ಬೆರಳನ್ನು ಹಿಡಿದು ಅದು ಹೋದಲ್ಲಿಗೆ ಹೋಗಿ, ಅದು ನೋಡಿದುದನ್ನು ನೋಡಿರಿ. ಏನನ್ನೂ ಕಲಿಸಲು ಹೋಗಬೇಡಿರಿ. ಇದಕ್ಕೆ ಕಾಸಿನ ವೆಚ್ಚವಿಲ್ಲ.

ಈ ಸಂದರ್ಭದಲ್ಲಿ ಇಂದಿನ ಮನೆಗಳಲ್ಲಿರುವ ಒಂದು ಕಂಟಕವನ್ನು ಹೇಳದೆ ಬಿಡಲಾರೆ. ಕೂಸು ಅತ್ತರೆ ಅದರ ಕೈಗೆ ಮೊಬೈಲನ್ನು ಕೊಟ್ಟು ಸುಮ್ಮನಾಗಿಸುವ ರೂಢಿಯು ಹಳ್ಳಿಹಳ್ಳಿಗೂ ಹಬ್ಬಿದೆ. ಆ ಯಂತ್ರಕ್ಕೆ ಕನ್ನಡದಲ್ಲಿ ಜಂಗಮವಾಣಿ ಎಂಬ ಹೆಸರನ್ನೂ ಇಟ್ಟಿದ್ದಾರೆ, ಹೆಸರು ಸೊಗಸಾದುದೇ. ಆದರೆ ಮನೆಯ ನಿಜವಾದ ಜಂಗಮವನ್ನು ಅದು ಸ್ಥಾವರವನ್ನಾಗಿ ಮಾಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಹೊರಡಿಸಿದ ಸೂಚನೆಯಲ್ಲಿ, ಒಂದು ವರ್ಷದೊಳಗಿನ ಕೂಸಿಗೆ ಪರದೆಯ ನೋಟವೇ ಕೂಡದೆಂದೂ, ೨ರಿಂದ ೪ ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗೆ ಮೀರಬಾರದೆಂದೂ, ಕಡಿಮೆಯಾದಷ್ಟೂ ಒಳ್ಳೆಯದೆಂದೂ ತಿಳಿಸಿದೆ. ಹಿರಿಯರ ಮಾತನ್ನೂ ಸೇರಿಸುತ್ತೇನೆ: ಮಗು ಮಾತನಾಡಿಸುವಾಗ ಆ ಯಂತ್ರವನ್ನು ನೋಡುತ್ತ “ಹೂಂ” ಎನ್ನುವ ತಂದೆಗೂ ಈ ಸೂಚನೆಯು ಅನ್ವಯಿಸತಕ್ಕದ್ದು.

ಇಷ್ಟು ಹೇಳಿದುದರಿಂದ, ತಾಯಿಯಾದವಳು ಎಲ್ಲವನ್ನೂ ನಗುನಗುತ್ತ ಸಹಿಸಿಕೊಂಡಿರಬೇಕೆಂದು ನಾನು ಬೋಧಿಸುತ್ತಿರುವಂತೆ ಯಾರೂ ಭಾವಿಸಬಾರದು. ಹಿರಿಯೂರಿನಿಂದ ಬಂದಿರುವ ಭಕ್ತರಿಗೆ ಒಂದು ದೃಷ್ಟಾಂತವು ಸುಲಭವಾಗಿ ತಿಳಿಯುತ್ತದೆ. ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿರುವ ವಾಣೀವಿಲಾಸ ಸಾಗರವು ೧೯೩೩ರಲ್ಲಿ ಕೋಡಿ ಬಿದ್ದ ಮೇಲೆ, ೮೯ ವರ್ಷಗಳ ತರುವಾಯ ೨೦೨೨ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿದ್ದಿತು. ೨೦೨೫ರ ಜನವರಿಯಲ್ಲಿಯೂ ತುಂಬಿ ಹರಿಯಿತು. ಆ ನೋಟವನ್ನು ಕಾಣಲು ಜನರು ತಂಡತಂಡವಾಗಿ ಬಂದರು. ಕಟ್ಟೆಯನ್ನು ಕಟ್ಟಿದವರು ಅಷ್ಟು ನೀರು ಎಂದೋ ಒಂದು ದಿನ ಬಂದೀತೆಂದು ಕೋಡಿಯನ್ನು ಮೊದಲೇ ಇಟ್ಟಿದ್ದರು. ಕೋಡಿಯಿಲ್ಲದ ಕೆರೆಯು ಎಷ್ಟೇ ಭದ್ರವಾಗಿದ್ದರೂ ಒಂದು ದಿನ ಏರಿಯೊಡೆಯುತ್ತದೆ. ತಾಯಿಯ ತಾಳ್ಮೆಯೂ ಹಾಗೆಯೇ. ಅದಕ್ಕೊಂದು ಕೋಡಿ ಬೇಕು. ಆ ಕೋಡಿಯನ್ನು ಕಟ್ಟಿಕೊಡುವುದು ಮನೆಯವರೆಲ್ಲರ ಕರ್ತವ್ಯ.

ಮೊದಲನೆಯ ಕೋಡಿಯು ಗಂಡನೇ ಆಗಬೇಕು. ಕಾಯಕದಲ್ಲಿ ಮೇಲುಕೀಳುಗಳಿಲ್ಲವೆಂದು ಸಭೆಯಲ್ಲಿ ಭಾಷಣಮಾಡಿ, ಮನೆಗೆ ಹೋಗಿ ಕೂಸಿನ ಬಟ್ಟೆಯನ್ನು ಒಗೆಯಲು ನಾಚುವವನು ಶರಣಧರ್ಮವನ್ನು ಅರ್ಧ ಮಾತ್ರ ಓದಿದವನು. ನಾನೂ ಬಹುಕಾಲ ಅರ್ಧವನ್ನೇ ಓದಿದ್ದೆನು. ಎರಡನೆಯವರು ಅತ್ತೆ, ಅಜ್ಜಿ, ನೆರೆಮನೆಯವರು. ಒಂದು ಗಂಟೆ ಕೂಸನ್ನು ಎತ್ತಿಕೊಂಡು ತಾಯಿಯನ್ನು ಮಲಗಲು ಬಿಡುವುದು ಯಾವ ದಾನಕ್ಕೂ ಕಡಿಮೆಯಲ್ಲ. ಮೂರನೆಯದು ಅಂಗನವಾಡಿ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯು ಕನ್ನಡನಾಡಿನಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ ನೆಲೆಗೊಂಡು, ಈಗ ನಮ್ಮ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಹರಡಿದೆ. ಅಲ್ಲಿಯ ಕಾರ್ಯಕರ್ತೆಯರನ್ನು ಗೌರವದಿಂದ ಕಾಣಿರಿ. ಊರಿನ ಕೂಸುಗಳ ದಾಸೋಹವನ್ನು ಅವರು ನಡೆಸುತ್ತಿದ್ದಾರೆ.

ಇನ್ನೊಂದು ಸಂಗತಿಯನ್ನು ಗಂಭೀರವಾಗಿ ತಿಳಿಸಬೇಕಾಗಿದೆ. ಹೆರಿಗೆಯಾದ ಮೇಲೆ ಕೆಲವರು ತಾಯಂದಿರ ಮನಸ್ಸಿಗೆ ಭಾರವಾದ ಮಂಕು ಕವಿಯುತ್ತದೆ. ಕೂಸನ್ನು ನೋಡಿದರೂ ಸಂತೋಷವಿಲ್ಲ, ನಿದ್ದೆಯಿಲ್ಲ, ಕಾರಣವಿಲ್ಲದ ಅಳು. ಇದನ್ನು ಗಾಳಿಯೆಂದೋ ಗರ್ವವೆಂದೋ ಭಕ್ತಿಯ ಕೊರತೆಯೆಂದೋ ಆಡಿಕೊಳ್ಳಬಾರದು. ಇದು ಔಷಧೋಪಚಾರದಿಂದ ಗುಣವಾಗತಕ್ಕ ವ್ಯಾಧಿ. ಎರಡು ವಾರಗಳಿಗೆ ಮೀರಿ ಹೀಗಿದ್ದರೆ, ಇಲ್ಲವೆ ತನಗಾಗಲಿ ಕೂಸಿಗಾಗಲಿ ಕೇಡನ್ನು ಮಾಡಿಕೊಳ್ಳುವ ಯೋಚನೆಯು ಸುಳಿದರೆ, ಮಠಕ್ಕೆ ಬರುವ ಮೊದಲು ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ಅನಂತರ ಮಠಕ್ಕೂ ಬನ್ನಿರಿ.

ಇಷ್ಟೆಲ್ಲ ಎಚ್ಚರವಿದ್ದರೂ ಒಂದು ದಿನ ಸಿಟ್ಟು ಬಂದೇ ಬರುತ್ತದೆ. ನಾವು ಮನುಷ್ಯರು. ಆಗ ಏನು ಮಾಡಬೇಕು? ಕೈಯೆತ್ತುವುದಕ್ಕೆ ಮುಂಚೆ ಹೊಸ್ತಿಲನ್ನು ದಾಟಿ ಹೊರಗೆ ಹೋಗಿರಿ. ಕೂಸನ್ನು ಅಪಾಯವಿಲ್ಲದ ಕಡೆ ಕೂರಿಸಿ, ಐದು ನಿಮಿಷ ಅಂಗಳದಲ್ಲಿ ನಿಂತು ಪಂಚಾಕ್ಷರಿಯನ್ನು ಜಪಿಸಿರಿ. ಅಷ್ಟರಲ್ಲಿ ಕೂಸು ಅತ್ತರೆ ಅಳಲಿ. ಅಳುವಿನಿಂದ ಕೇಡಿಲ್ಲ, ಪೆಟ್ಟಿನಿಂದ ಕೇಡುಂಟು. ಕೈ ಮೀರಿಹೋಗಿದ್ದರೆ ಆ ದಿನವೇ ಮಗುವನ್ನು ಎತ್ತಿಕೊಂಡು, “ತಪ್ಪಾಯಿತು ಕಂದ” ಎಂದು ಬಾಯಿಬಿಟ್ಟು ಹೇಳಿರಿ. ಹಿರಿಯರ ಗೌರವವು ಇದರಿಂದ ಕುಂದುವುದಿಲ್ಲ. ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಿನ್ನಿಕಾಟ್ (೧೮೯೬–೧೯೭೧) ಎಂಬ ಶಿಶುವೈದ್ಯರಿದ್ದರು. ಕೂಸಿಗೆ ಲೋಪವೇ ಇಲ್ಲದ ತಾಯಿಯು ಬೇಕಾಗಿಲ್ಲ, ಸಾಕೆನ್ನುವಷ್ಟು ಒಳ್ಳೆಯ ತಾಯಿಯಿದ್ದರೆ ಸಾಕು ಎಂಬುದು ಅವರ ವಿಚಾರಗಳ ಸಾರವೆಂದು ನಮ್ಮ ಉಪಾಧ್ಯಾಯರೊಬ್ಬರು ನನಗೆ ಓದಿ ಹೇಳಿದರು. ಕೇಳಿ ನನಗೆ ಸಮಾಧಾನವಾಯಿತು. ನಾನು ನನ್ನ ಮಗನಿಗೆ ಆ ಮಾತನ್ನು ಹೇಳಿದುದು ಇಪ್ಪತ್ತು ವರ್ಷಗಳ ಮೇಲೆ, ಅವನೂ ತಂದೆಯಾಗುವ ಕಾಲ ಸಮೀಪಿಸಿದಾಗ. ಅವನು ನಕ್ಕು, “ನನಗೆ ನೆನಪೇ ಇಲ್ಲ, ಅಪ್ಪಾಜಿ” ಎಂದನು. ನಿಜವಾಗಿ ನೆನಪಿಲ್ಲವೋ, ನನ್ನ ಮನಸ್ಸನ್ನು ನೋಯಿಸಬಾರದೆಂದು ಹಾಗೆ ಹೇಳಿದನೋ ತಿಳಿಯೆನು. ತಾವು ಅಷ್ಟು ಕಾಲ ಕಾಯಬೇಡಿರಿ.

ಕೊನೆಯದಾಗಿ, ಆ ಹೊಳಲ್ಕೆರೆಯ ತಾಯಿಯ ಪ್ರಶ್ನೆಗೆ ಬರುತ್ತೇನೆ. ಅವರು ಈ ಸಭೆಯಲ್ಲಿ ಇದ್ದಾರೋ ಇಲ್ಲವೋ ಅರಿಯೆನು. ಇದ್ದರೆ ಇದು ಅವರಿಗೆ, ಇಲ್ಲದಿದ್ದರೆ ಅವರಂತಿರುವ ಎಲ್ಲರಿಗೂ. ತಾಯಿ, ಅಂದು ನಾನು ಕೊಟ್ಟ ಉತ್ತರವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಾಗ ಚಿಕ್ಕದನ್ನು ತೊಡೆಯ ಮೇಲೆ ಕೂರಿಸಿಕೋ. ದೊಡ್ಡದರ ಹಣೆಗೆ ಮೊದಲು ವಿಭೂತಿಯನ್ನಿಟ್ಟು, ಗಟ್ಟಿಯನ್ನು ಎತ್ತರದಲ್ಲಿಟ್ಟು, ಹೂವನ್ನು ಅದರ ಕೈಗೆ ಕೊಡು. ಅದು ಎಲ್ಲಿ ಹಾಕಿದರೂ ಶಿವನಿಗೆ ಸಲ್ಲುತ್ತದೆ. ಪೂಜೆಯು ಒಂದು ಗಂಟೆಯದಾಗಬೇಕಿಲ್ಲ, ಐದು ನಿಮಿಷದ್ದಾಗಲಿ. ಅದೂ ಆಗದ ದಿನ, ಕೂಸಿಗೆ ನೀರೆರೆಯುವಾಗ ಅಮ್ಮವ್ವೆಯನ್ನು ನೆನೆದುಕೋ; ಆ ದಿನದ ಅಭಿಷೇಕವು ಅಲ್ಲಿಯೇ ಆಯಿತು. ಮಕ್ಕಳು ದೊಡ್ಡವರಾದ ಮೇಲೆ ಬ್ರಾಹ್ಮೀ ಮುಹೂರ್ತಗಳು ಬೇಕಾದಷ್ಟು ಬರುತ್ತವೆ. ಈ ಎಳೆಯ ಕೈಗಳು ಇಷ್ಟು ಚಿಕ್ಕದಾಗಿರುವುದು ಕೆಲವೇ ದಿನ.

 ಸಭೆಯ ಹಿಂಬದಿಯಲ್ಲಿ ಆಗಿನಿಂದ ಒಂದು ಕೂಸು ಅಳುತ್ತಿದೆ. ಅದರ ತಾಯಿಯು ಸಂಕೋಚದಿಂದ ಎದ್ದು ಹೊರಗೆ ಹೋಗಲು ಹವಣಿಸುತ್ತಿರುವಂತೆ ಕಾಣುತ್ತದೆ. ಹೋಗಬೇಡ ತಾಯಿ, ಕುಳಿತುಕೋ. ನನ್ನ ಮಾತು ಮುಗಿಯಿತು. ಇನ್ನು ಅದು ಮಾತನಾಡಲಿ.